ಓದಿದ್ದು ನೆನಪಿನಲ್ಲಿ ಉಳಿಯುವುದು ಹೇಗೆ?

ಪರೀಕ್ಷೆಯ ಕಾಲ ಸಮೀಪಿಸಿತೆಂದರೆ ವಿದ್ಯಾರ್ಥಿಗಳಿರುವ ಮನೆಗಳಲ್ಲೆಲ್ಲ ಒಂದೇ ನೋಟ. ಪುಸ್ತಕ ತೆರೆದಿರುತ್ತದೆ, ಓದಿದ ಅಧ್ಯಾಯವನ್ನೇ ಮೂರನೆಯ ಸಲವೋ ನಾಲ್ಕನೆಯ ಸಲವೋ ಓದುವುದು ನಡೆದಿರುತ್ತದೆ. ‘ಎಲ್ಲವೂ ಬಂತು’ ಎಂಬ ತೃಪ್ತಿಯಿಂದ ಪುಸ್ತಕ ಮುಚ್ಚಿದ ವಿದ್ಯಾರ್ಥಿಗೆ, ಕೆಲವು ದಿನಗಳ ಬಳಿಕ ಪ್ರಶ್ನಪತ್ರಿಕೆ ಕೈಗೆ ಬಂದಾಗ, ಅರ್ಧಕ್ಕರ್ಧ ಮರೆತುಹೋಗಿರುತ್ತದೆ. ಇದು ಬುದ್ಧಿಮಾಂದ್ಯದ ಲಕ್ಷಣವೇ? ಸೋಮಾರಿತನದ ಫಲವೇ? ಎರಡೂ ಅಲ್ಲ. ಮರೆವಿಗೆ ಅದರದೇ ಆದ ಒಂದು ಕ್ರಮವಿದೆ. ಆ ಕ್ರಮವನ್ನು ಅರಿಯದೆ ಪಟ್ಟ ಶ್ರಮದಲ್ಲಿ ಬಹುಭಾಗ ವ್ಯರ್ಥವಾಗುತ್ತದೆ.

ನಮ್ಮ ರಾಜ್ಯದಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ಸೇರಬಯಸುವವರಿಗೆ ಇದು ಸಣ್ಣ ಸಂಗತಿಯಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಯ, ಅಂದರೆ ಸಿ.ಇ.ಟಿ.ಯ, ಅಂಕಗಳಿಗೂ ದ್ವಿತೀಯ ಪಿ.ಯು.ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕಗಳಿಗೂ ರ‍್ಯಾಂಕ್ ನಿರ್ಣಯದಲ್ಲಿ ಸಮಪಾಲು. ಸಿ.ಇ.ಟಿ.ಯಲ್ಲಿ ಪ್ರತಿಯೊಂದು ವಿಷಯಕ್ಕೆ 60 ಪ್ರಶ್ನೆಗಳು, 80 ನಿಮಿಷಗಳು. ಎಂದರೆ ಒಂದು ಪ್ರಶ್ನೆಗೆ ದೊರೆಯುವುದು ಕೇವಲ 80 ಸೆಕೆಂಡು. ಅದರಲ್ಲಿ ಪ್ರಥಮ ಪಿ.ಯು.ಸಿ.ಯ ಪಾಠಗಳೂ ಸೇರಿರುವುದರಿಂದ, ವರ್ಷಕ್ಕೂ ಹಿಂದೆ ಕಲಿತದ್ದನ್ನು ಆ ಅಲ್ಪಾವಧಿಯಲ್ಲಿ ನೆನಪಿಗೆ ತಂದುಕೊಳ್ಳಬೇಕಾಗುತ್ತದೆ.

ಮರೆವನ್ನು ಮೊತ್ತಮೊದಲು ಅಳತೆಗೆ ಒಳಪಡಿಸಿದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಪ್ರಯೋಗಕ್ಕೆ ಅವನು ಆರಿಸಿಕೊಂಡದ್ದು ತನ್ನನ್ನೇ! ಅರ್ಥವಿಲ್ಲದ ಚಿಕ್ಕ ಚಿಕ್ಕ ಉಚ್ಚಾರಾಂಶಗಳ ಸಾಲುಗಳನ್ನು ರಚಿಸಿ, ತಪ್ಪಿಲ್ಲದೆ ಹೇಳುವವರೆಗೆ ಅವನ್ನು ಬಾಯಿಪಾಠ ಮಾಡುತ್ತಿದ್ದ. ಕೆಲಕಾಲ ಕಳೆದ ಮೇಲೆ ಅದೇ ಸಾಲುಗಳನ್ನು ಪುನಃ ಕಲಿತು, ಎರಡನೆಯ ಬಾರಿ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕಹಾಕುತ್ತಿದ್ದ. ಇಪ್ಪತ್ತು ನಿಮಿಷಗಳ ಬಳಿಕ ಉಳಿತಾಯ ಸುಮಾರು ಶೇಕಡ 58. ಒಂದು ಗಂಟೆಯ ಬಳಿಕ 44. ಒಂದು ದಿನದ ಬಳಿಕ 34. ಒಂದು ತಿಂಗಳ ಬಳಿಕ 21. ಮರೆವು ಮೊದಲು ಅತಿ ವೇಗವಾಗಿಯೂ ಅನಂತರ ಬಹು ನಿಧಾನವಾಗಿಯೂ ಸಾಗುತ್ತದೆಂಬುದು ಇದರಿಂದ ಸ್ಪಷ್ಟವಾಯಿತು.

1885ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಇನ್ನೂ ಒಂದು ಉಪಯುಕ್ತ ಫಲಿತಾಂಶವಿದೆ. ಒಂದೇ ದಿನ 68 ಬಾರಿ ಪುನರಾವರ್ತಿಸಿದ್ದರಿಂದ ದೊರೆತ ಪ್ರಯೋಜನವು, ಮೂರು ದಿನಗಳಿಗೆ ಹಂಚಿ 38 ಬಾರಿ ಪುನರಾವರ್ತಿಸಿದ್ದರಿಂದಲೇ ದೊರೆಯಿತು. ಶ್ರಮ ಹೆಚ್ಚುಕಡಿಮೆ ಅರ್ಧ. ಫಲ ಮಾತ್ರ ಸಮ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವವರು ಈ ಲೆಕ್ಕವನ್ನು ಗಮನಿಸಬೇಕು.

ಹಂಚಿ ಓದಿದರಷ್ಟೇ ಸಾಕೇ? ಓದುವ ರೀತಿಯೂ ಮುಖ್ಯವೆಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವು ತೋರಿಸಿತು. ಕಾಲೇಜು ವಿದ್ಯಾರ್ಥಿಗಳ ಒಂದು ತಂಡವು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿಯೂ ಓದುತ್ತಲೇ ಇದ್ದಿತು. ಇನ್ನೊಂದು ತಂಡವು ಮೊದಲನೆಯ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಅದನ್ನು ನೋಡದೆ, ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು: ಅವರಿಗೆ ಶೇಕಡ 83ರಷ್ಟು, ಬರೆದವರಿಗೆ 71ರಷ್ಟು ನೆನಪಿದ್ದಿತು. ಆದರೆ ಒಂದು ವಾರ ಕಳೆದ ಮೇಲೆ ನಿಲುವು ತಿರುವುಮುರುವಾಯಿತು. ಓದಿದವರಲ್ಲಿ ಉಳಿದದ್ದು ಶೇಕಡ 40, ಬರೆದವರಲ್ಲಿ 61! ಓದಿದ ತಂಡದವರು ಆ ಗದ್ಯಭಾಗವನ್ನು ಸರಾಸರಿ 14 ಬಾರಿ ಓದಿದ್ದರೆಂಬುದನ್ನೂ, ತಮಗೇ ಹೆಚ್ಚು ನೆನಪಿರುವುದೆಂದು ನಂಬಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು.

ಈ ಭ್ರಮೆಗೆ ಕಾರಣವೇನು? ಕಂಡದ್ದನ್ನು ಗುರುತಿಸುವುದು ಬೇರೆ, ಕಾಣದುದನ್ನು ಸ್ಮರಿಸುವುದು ಬೇರೆ. ಪರಿಚಿತ ಮುಖವನ್ನು ಎದುರಿಗೆ ಕಂಡಾಗ ಗುರುತು ಹಿಡಿಯುತ್ತೇವೆ. ಹೆಸರು ಮಾತ್ರ ನಾಲಗೆಗೆ ಬಾರದು. ಪುಟವನ್ನು ಮತ್ತೆ ಮತ್ತೆ ಓದಿದಾಗ ಅದು ಪರಿಚಿತವಾಗುತ್ತದೆ. ಆ ಪರಿಚಯವನ್ನೇ ನಾವು ಜ್ಞಾನವೆಂದು ಎಣಿಸುತ್ತೇವೆ. ನೆನಪಿನಿಂದ ಹೊರತೆಗೆಯುವ ಪ್ರಯತ್ನವಾದರೋ, ಮುಂದೆ ಬೇಕಾದಾಗ ಅದನ್ನು ತೆಗೆಯುವ ದಾರಿಯನ್ನೇ ಸವೆಸಿ ಸುಗಮಗೊಳಿಸುತ್ತದೆ. ಹಿಂದಿನ ಮಠಶಾಲೆಗಳಲ್ಲಿ ಮಗ್ಗಿಯನ್ನೂ ಪಾಠವನ್ನೂ ಗುರುಗಳ ಮುಂದೆ ದಿನವೂ ಒಪ್ಪಿಸುವ ಪದ್ಧತಿಯಿದ್ದಿತಷ್ಟೆ. ಅದರಲ್ಲಿ ಅಡಗಿದ್ದ ಗುಣ ಇದೇ.

ಹಾಗಾದರೆ ವಿದ್ಯಾರ್ಥಿ ಮಾಡಬೇಕಾದುದೇನು? ಮೊದಲು ಪಾಠವನ್ನು ಅರ್ಥಮಾಡಿಕೊಂಡು ಓದಬೇಕು. ಅರ್ಥವಾಗದುದನ್ನು ಒಪ್ಪಿಸಿ ಪ್ರಯೋಜನವಿಲ್ಲ. ಬಳಿಕ ಪುಸ್ತಕವನ್ನು ಮುಚ್ಚಿ, ಬರಿಯ ಹಾಳೆಯ ಮೇಲೆ ಮುಖ್ಯಾಂಶಗಳನ್ನೂ ಸೂತ್ರಗಳನ್ನೂ ಚಿತ್ರಗಳನ್ನೂ ಬರೆಯಬೇಕು. ಅನಂತರ ಪುಸ್ತಕ ತೆರೆದು ತಪ್ಪುಗಳನ್ನು ತಿದ್ದಿಕೊಳ್ಳಬೇಕು. ತಿದ್ದದೆ ಬಿಟ್ಟರೆ ತಪ್ಪೇ ಬೇರೂರೀತು. ಇದನ್ನೇ ಮರುದಿನ ಒಮ್ಮೆ, ವಾರದ ಬಳಿಕ ಒಮ್ಮೆ, ತಿಂಗಳ ಬಳಿಕ ಮತ್ತೊಮ್ಮೆ ಮಾಡಬೇಕು. ಪರೀಕ್ಷೆ ದೂರವಿದ್ದಷ್ಟೂ ನಡುವಣ ಅಂತರವನ್ನು ಹಿಗ್ಗಿಸಬಹುದು. ಹಳೆಯ ಪ್ರಶ್ನಪತ್ರಿಕೆಗಳನ್ನು ಕೊನೆಯ ವಾರಕ್ಕೆಂದು ಕೂಡಿಡದೆ, ಆಯಾ ಪಾಠ ಮುಗಿದಂತೆ ಗಡಿಯಾರವನ್ನು ಮುಂದಿಟ್ಟುಕೊಂಡು ಬಿಡಿಸತಕ್ಕದ್ದು.

ಈ ಮಾರ್ಗ ಆರಂಭದಲ್ಲಿ ಸುಖಕರವಲ್ಲ. ಖಾಲಿ ಹಾಳೆಯ ಮುಂದೆ ಕುಳಿತಾಗ ತನಗೆ ತಿಳಿಯದುದೆಷ್ಟೆಂಬುದು ಬಯಲಾಗುತ್ತದೆ, ಮನಸ್ಸು ಕುಗ್ಗುತ್ತದೆ. ಆದರೆ ಮನೆಯಲ್ಲಿ ಬಯಲಾದ ಕೊರತೆಯನ್ನು ತುಂಬಿಕೊಳ್ಳಲು ಅವಕಾಶವಿದೆ. ಪರೀಕ್ಷಾಮಂದಿರದಲ್ಲಿ ಬಯಲಾದುದಕ್ಕೆ ಅದಿಲ್ಲ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಸಲ್ಲದೆಂದು ಹಿರಿಯರು ಹೇಳುತ್ತಿದ್ದರು. ಪ್ರಥಮ ಪಿ.ಯು.ಸಿ.ಯ ಮೊದಲ ಪಾಠದಿಂದಲೇ ದಿನಕ್ಕೆ ಅರ್ಧ ಗಂಟೆಯನ್ನು ಹೀಗೆ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳಲು ಮೀಸಲಿಡುವ ವಿದ್ಯಾರ್ಥಿಗೆ, ಎರಡು ವರ್ಷಗಳ ಬಳಿಕ ಬರುವ ಪರೀಕ್ಷೆ ಹೊಸದೆನಿಸುವುದಿಲ್ಲ.