ಮಾಸು ಯಾರದು?

ಹೆರಿಗೆಯ ನಂತರ ಬೀಳುವ ಮಾಸನ್ನು ನಮ್ಮ ಧರ್ಮಪುರಿ, ಸೇಲಂ ಸೀಮೆಯ ತಮಿಳರು ‘ನಂಜು’ ಎನ್ನುತ್ತಾರೆ. ಎರಡು ಭಾಷೆಗಳಲ್ಲಿಯೂ ನಂಜೆಂದರೆ ವಿಷವೇ. ಸುಮಾರು ಅರ್ಧ ಕಿಲೋ ತೂಗುವ ಈ ಅಂಗಕ್ಕೆ ಇದು ನ್ಯಾಯವಾದ ಹೆಸರಲ್ಲ. ತಾಯಿಯ ರಕ್ತವೂ ಮಗುವಿನ ರಕ್ತವೂ ಬೆರೆಯದಂತೆ ನಡುವೆ ನಿಂತು, ಪ್ರಾಣವಾಯುವನ್ನೂ ಪೋಷಕಾಂಶಗಳನ್ನೂ ಶಿಶುವಿಗೆ ದಾಟಿಸಿ, ಕಲ್ಮಷವನ್ನು ಹಿಂದಿರುಗಿಸುವುದು ಇದೇ. ಮದ್ಯವನ್ನೂ ಹೊಗೆಸೊಪ್ಪಿನ ನಿಕೋಟಿನನ್ನೂ ಮಾತ್ರ ಇದು ತಡೆಯಲಾರದು.

ಮಾಸು ತಾಯಿಯದೆಂದೇ ಬಹುಜನರ ಎಣಿಕೆ. ವಾಸ್ತವವಾಗಿ ಅದರ ಬಹುಭಾಗ ಬೆಳೆಯುವುದು ಮಗುವಾಗುವ ಭ್ರೂಣದಿಂದಲೇ. ಆದುದರಿಂದ ಹೆಣ್ಣೋ ಗಂಡೋ ಎಂಬ ಗುರುತು ಅದರಲ್ಲಿಯೂ ಇರುತ್ತದೆ. ಆ ಗುರುತನ್ನು ನಿರ್ಧರಿಸುವುದು ತಂದೆಯ ವೀರ್ಯಾಣು. ಸೊಸೆಯನ್ನು ದೂರುವ ಅತ್ತೆಯಂದಿರು ಗಮನಿಸಬೇಕು.

ಹೆಣ್ಣುಶಿಶುಗಳ ಹತ್ಯೆಯನ್ನು ತಡೆಯಲು ತಮಿಳುನಾಡು ಸರ್ಕಾರವು 1992ರಲ್ಲಿ ತೊಟ್ಟಿಲು ಮಗು ಯೋಜನೆಯನ್ನು ಆರಂಭಿಸಿದುದು ಸೇಲಂನಲ್ಲಿ. ಮುಂದೆ ಧರ್ಮಪುರಿಗೂ ಬಂದಿತು. ಹುಟ್ಟುವ ಮೊದಲೇ ನಡೆಯುವ ಹತ್ಯೆಗೆ ಬೇರೆ ಕಾನೂನು ಬೇಕಾಯಿತು. 1994ರ ಪ್ರಸವಪೂರ್ವ ಪತ್ತೆ ಕಾಯಿದೆಯು ಸ್ಕ್ಯಾನಿನೊಂದಿಗೆ, ಮಾಸಿನ ಎಳೆಗಳನ್ನು ತೆಗೆದು ನೋಡುವ ಪರೀಕ್ಷೆಯನ್ನೂ ಹೆಸರಿಸಿ ನಿರ್ಬಂಧಿಸಿದೆ. ವಂಶವಾಹಿ ರೋಗ, ಹುಟ್ಟುದೋಷ ಮೊದಲಾದವುಗಳ ಪತ್ತೆಗೆ ಮಾತ್ರ ಅನುಮತಿ. ಲಿಂಗವನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸಕೂಡದು.

ಲಿಂಗಪತ್ತೆಗಾಗಿ ಬೇಡಿದವರಿಗೂ 3 ವರ್ಷದವರೆಗೆ ಸೆರೆಯುಂಟು. ಬಸುರಿಯನ್ನೂ ಸೆರೆಗೆ ಹಾಕುವರೇ ಎಂದು ಕೇಳುವವರಿದ್ದಾರೆ. 24ನೆಯ ಕಲಮನ್ನು ಓದಬೇಕು: ಗಂಡನೋ ಬಂಧುಗಳೋ ಆಕೆಯನ್ನು ಬಲವಂತಪಡಿಸಿದರೆಂದೇ, ಅನ್ಯಥಾ ರುಜುವಾತಾಗುವವರೆಗೆ, ನ್ಯಾಯಾಲಯವು ಭಾವಿಸತಕ್ಕದ್ದು.