ಕಿಟ್ ಎತ್ತುವುದು ಬಾಡಿಯನ್ನು, ಆಕ್ಸಲ್ಲನ್ನಲ್ಲ

ಮಳೆ ನಿಂತು ತೋಟದ ದಾರಿ ಒಣಗುವ ಹೊತ್ತಿಗೆ, ಸಕಲೇಶಪುರದ ಕಡೆಯ ಪರಿಚಯದ ಹುಡುಗನೊಬ್ಬ ತನ್ನ ಮಹೀಂದ್ರ ಥಾರ್ ತೋರಿಸಲು ಕರೆದ. ಮುಂದಿನ ಎರಡೂ ಶಾಕ್‌ಗಳ ತಲೆಯ ಮೇಲೆ ಸ್ಪೇಸರ್ ಕೂರಿಸಿ, ತಗ್ಗಿದ ಮೂತಿಯನ್ನು ಹಿಂಭಾಗದ ಮಟ್ಟಕ್ಕೆ ಎತ್ತುವ ಲೆವೆಲಿಂಗ್ ಕಿಟ್ಟನ್ನು ಮನೆಯ ಶೆಡ್ಡಿನಲ್ಲೇ ಹಾಕಿ ಮುಗಿಸಿದ್ದ. ಕೆಲಸವೇನೋ ಅಚ್ಚುಕಟ್ಟಾಗಿತ್ತು, ಮುಖ ಮಾತ್ರ ಬಾಡಿತ್ತು. "ಅಣ್ಣಾ, ಎರಡು ಇಂಚು ಎತ್ತಿದೀನಿ. ಆದ್ರೂ ಅದೇ ಜಾಗದಲ್ಲಿ ತಳ ತಾಗ್ತಿದೆ" ಅಂದ.

ಆ ಜಾಗ ನನಗೂ ಗೊತ್ತು. ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಚಕ್ರದ ಗುಂಡಿ ಬಿದ್ದು, ನಡುವೆ ಹುಲ್ಲು ಬೆಳೆದ ದಿಬ್ಬ ಉಳಿದಿರುವ ಏರು ಅದು. ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಮಲಗಿ ಟಾರ್ಚ್ ಬಿಟ್ಟೆವು. ಹಿಂದಿನ ಆಕ್ಸಲ್ಲಿನ ನಡುವೆ ಇರುವ ಡಿಫರೆನ್ಷಿಯಲ್ ಗುಂಡಿನ ಹೊಟ್ಟೆಗೆ ಕೆಂಪು ಮಣ್ಣು ಮೆತ್ತಿತ್ತು, ಬಣ್ಣ ಕಿತ್ತು ಕಬ್ಬಿಣ ಹೊಳೆಯುತ್ತಿತ್ತು. ನೆಲದಿಂದ ಗುಂಡಿನವರೆಗೆ ಟೇಪ್ ಹಿಡಿದೆವು. ಪಕ್ಕದಲ್ಲೇ ಅವನ ಚಿಕ್ಕಪ್ಪನ ಥಾರ್ ನಿಂತಿತ್ತು, ಅದೇ ಟೈರು, ಕಿಟ್ ಇಲ್ಲದ್ದು. ಅದಕ್ಕೂ ಟೇಪ್ ಹಿಡಿದೆವು. ಎರಡೂ ಗಾಡಿಯ ಗುಂಡು ಒಂದೇ ಎತ್ತರದಲ್ಲಿತ್ತು.

"ಎರಡು ಇಂಚಿನ ಕಿಟ್ ಹಾಕಿದರೆ ಗ್ರೌಂಡ್ ಕ್ಲಿಯರೆನ್ಸ್ ಎರಡು ಇಂಚು ಹೆಚ್ಚುತ್ತದೆ" ಎಂಬ ಈ ಒಂದು ಮಾತನ್ನು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಥಾರ್‌ನ ಹಿಂದಿನ ಆಕ್ಸಲ್ ಎಂದರೆ ಈ ಚಕ್ರದಿಂದ ಆ ಚಕ್ರದವರೆಗೆ ಹೋಗುವ ಒಂದೇ ತೊಲೆ. ಅದರ ಎತ್ತರವನ್ನು ನಿರ್ಧರಿಸುವುದು ಚಕ್ರ. ಸ್ಪ್ರಿಂಗಿನ ಮೇಲೆ ಏನನ್ನು ಇಟ್ಟರೂ ಏರುವುದು ಸ್ಪ್ರಿಂಗಿನ ಮೇಲಿರುವ ಬಾಡಿ ಮತ್ತು ಚಾಸಿ. ಜಿಮ್ನಿ, ಜಿಪ್ಸಿ, ಹಳೆಯ ಮಹೀಂದ್ರ ಜೀಪುಗಳಲ್ಲಿ ಮುಂದೆಯೂ ಇಂಥದೇ ತೊಲೆ ಇದೆ. ಆ ಗಾಡಿಗಳಿಗೆ ನಾಲ್ಕು ಇಂಚಿನ ಕಿಟ್ ಹಾಕಿದರೂ ಎರಡು ಗುಂಡುಗಳೂ ಇದ್ದಲ್ಲೇ ಇರುತ್ತವೆ.

2020ರ ನಂತರದ ಥಾರ್‌ನಲ್ಲಿ ಈ ನಂಬಿಕೆಗೆ ಅರ್ಧ ಆಧಾರವಿದೆ, ಜನ ಮೋಸಹೋಗುವುದೂ ಆ ಅರ್ಧದಲ್ಲೇ. ಅದರ ಮುಂದಿನ ಸಸ್ಪೆನ್ಷನ್ ಇಂಡಿಪೆಂಡೆಂಟ್, ಡಬಲ್ ವಿಶ್‌ಬೋನ್. ಮುಂದಿನ ಡಿಫರೆನ್ಷಿಯಲ್ ಚಾಸಿಗೆ ಕೂತಿರುವುದರಿಂದ ಬಾಡಿಯ ಜೊತೆಗೆ ಅದೂ ಏರುತ್ತದೆ. ಮುಂದಿನ ಬಂಪರ್ ಏರಿ, ಕಡಿದಾದ ದಿಣ್ಣೆಗೆ ಮೂತಿ ತಾಗುವುದು ತಪ್ಪುತ್ತದೆ. ಇದು ನಿಜವಾದ ಲಾಭ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಗಾಡಿಗೆ ಕಂಪನಿಯೇ ಕೊಟ್ಟಿರುವ ಮುಂಗೋನ (ಅಪ್ರೋಚ್ ಆ್ಯಂಗಲ್) 41.8 ಡಿಗ್ರಿ. ನಮ್ಮ ತೋಟಗಳ ದಾರಿಯಲ್ಲಿ ಅದು ಸಾಲದೆ ಮೂತಿ ಸಿಕ್ಕಿಕೊಂಡದ್ದನ್ನು ನಾನು ನೋಡಿಲ್ಲ. ಸಿಕ್ಕಿಕೊಳ್ಳುವುದು ಹಿಂದಿನ ಗುಂಡು, ಮುಂದಿನ ಸ್ಪೇಸರಿಗೂ ಅದಕ್ಕೂ ಸಂಬಂಧವೇ ಇಲ್ಲ.

ಗುಂಡನ್ನು ಎತ್ತಬೇಕಾದರೆ ಟೈರ್ ದೊಡ್ಡದಾಗಬೇಕು. ಅಲ್ಲಿಯೂ ಲೆಕ್ಕ ತಪ್ಪುವವರೇ ಹೆಚ್ಚು. 255/65 ಆರ್18 ಟೈರಿನ ವ್ಯಾಸ ಸುಮಾರು 789 ಮಿಲಿಮೀಟರ್, 255/70 ಆರ್18 ಹಾಕಿದರೆ 814. ಇಪ್ಪತ್ತೈದು ಮಿಲಿಮೀಟರ್ ಸಿಕ್ಕಿತೆಂದು ಹಿಗ್ಗುತ್ತಾರೆ. ಆಕ್ಸಲ್ ಇರುವುದು ಚಕ್ರದ ನಡುವೆ, ಹಾಗಾಗಿ ಅದು ಏರುವುದು ಅದರ ಅರ್ಧ, ಹದಿಮೂರು ಮಿಲಿಮೀಟರಿಗೂ ಕಡಿಮೆ. ಒಂದು ಬೆರಳಿನ ದಪ್ಪ.

ಇನ್ನು ಪೊಟ್ಟಣದ ಮೇಲೆ ಬರೆದ ಇಂಚು. ಡಬಲ್ ವಿಶ್‌ಬೋನಿನಲ್ಲಿ ಶಾಕ್‌ನ ಬುಡ ಕೂತಿರುವುದು ಚಕ್ರದ ಹತ್ತಿರವಲ್ಲ, ಕೆಳಗಿನ ಆರ್ಮಿನ ನಡುಭಾಗದಲ್ಲಿ. ಬಾಗಿಲನ್ನು ಕೀಲಿನ ಹತ್ತಿರ ಒಂದಿಷ್ಟು ತಳ್ಳಿದರೆ ಅಂಚು ಎಷ್ಟು ದೂರ ಹೋಗುತ್ತದೋ ಹಾಗೆಯೇ ಇದು. ಒಂದು ಇಂಚು ದಪ್ಪದ ಸ್ಪೇಸರ್ ಮೂತಿಯನ್ನು ಒಂದೂವರೆಯಿಂದ ಎರಡು ಇಂಚು ಎತ್ತುತ್ತದೆ. ಇದು ಗೊತ್ತಿಲ್ಲದೆ, "ಎರಡು ಇಂಚು ಬೇಕು" ಎಂದು ಲೇತ್‌ನಲ್ಲಿ ಎರಡು ಇಂಚು ದಪ್ಪದ ಅಲ್ಯೂಮಿನಿಯಂ ಬಿಲ್ಲೆ ಕಡೆಸಿ ಹಾಕಿದವರಿದ್ದಾರೆ. ಶಾಕ್‌ನ ರಾಡ್ ಇದರಿಂದ ಒಂದು ಮಿಲಿಮೀಟರೂ ಉದ್ದವಾಗುವುದಿಲ್ಲ. ಚಕ್ರ ಮಾತ್ರ ಇಳಿಬಿದ್ದಾಗ ಅಗತ್ಯಕ್ಕಿಂತ ಕೆಳಕ್ಕೆ ಜೋತು, ಬಾಲ್ ಜಾಯಿಂಟು ಮತ್ತು ಡ್ರೈವ್ ಶಾಫ್ಟಿನ ಜಾಯಿಂಟು ತಮ್ಮ ಮಿತಿ ಮೀರಿ ಬಾಗುತ್ತವೆ. ಬ್ರೇಕಿನ ಹೋಸು, ಎಬಿಎಸ್ ವೈರು ತಂತಿಯಂತೆ ಬಿಗಿಯುತ್ತವೆ. ಜಾಕಿ ಮೇಲೆ ಎತ್ತಿ, ಚಕ್ರ ಪೂರ್ತಿ ಜೋತಿರುವಾಗ ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಆ ಹೋಸನ್ನು ಬೆರಳಲ್ಲಿ ಮುಟ್ಟಿ ನೋಡದೆ ಗಾಡಿಯನ್ನು ಹೊರಗೆ ತೆಗೆಯಬಾರದು.

ಹಾಗಾದರೆ ಕಂಪನಿಯವರು ಮುಂದೆ ತಗ್ಗು, ಹಿಂದೆ ಎತ್ತರ ಇಟ್ಟದ್ದೇಕೆ? ಸ್ಪ್ರಿಂಗಿನಲ್ಲಿ ದುಡ್ಡು ಉಳಿಸಲು ಎಂದು ನಂಬಿದವರು ಬೇಕಾದಷ್ಟು ಜನ. ಹಿಂದೆ ಇಬ್ಬರು ಕೂತು, ಮೆಣಸಿನ ಮೂಟೆ ಹೇರಿದಾಗ ಗಾಡಿ ಸಮಕ್ಕೆ ಬರಲಿ ಎಂದು ಇಟ್ಟ ಎತ್ತರ ಅದು. ಖಾಲಿ ನಿಂತಾಗ ಚಂದ ಕಾಣಲೆಂದು ಮುಂದೆ ಎತ್ತಿದರೆ, ಭಾರ ಹೇರಿದ ದಿನ ಮೂತಿ ಆಕಾಶ ನೋಡುತ್ತದೆ. ಹೆಡ್‌ಲೈಟೂ ಅದರ ಜೊತೆಗೇ. ಥಾರ್‌ನ ವೀಲ್‌ಬೇಸ್ 2,450 ಮಿಲಿಮೀಟರ್. ಮುಂದೆ 50 ಮಿಲಿಮೀಟರ್ ಎತ್ತಿದರೆ ಹತ್ತು ಮೀಟರ್ ದೂರದ ಗೋಡೆಯ ಮೇಲೆ ಬೆಳಕು ಇಪ್ಪತ್ತು ಸೆಂಟಿಮೀಟರ್ ಮೇಲೇರುತ್ತದೆ. ಡಿಮ್ ಬೆಳಕನ್ನು ಹತ್ತು ಮೀಟರಿಗೆ ಹತ್ತು ಹದಿನೈದು ಸೆಂಟಿಮೀಟರ್ ಇಳಿಜಾರಿನಲ್ಲಿ ಇಡುತ್ತಾರೆ, ಆ ಇಳಿಜಾರು ಪೂರ್ತಿ ಹೋಯಿತು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ, ಮಂಜಿನಲ್ಲಿ, ಎದುರಿಗೆ ಬರುವ ಬಸ್ಸಿನ ಡ್ರೈವರ್ ಕಣ್ಣಿಗೆ ಅದು ನೇರ ಹೊಡೆಯುತ್ತದೆ. ನನಗೆ ಹೆಚ್ಚು ಸಿಟ್ಟು ಬರುವುದು ಇಲ್ಲಿ. ಗುಂಡು ತಾಗಿದರೆ ನಷ್ಟ ನಮ್ಮದು, ಇದು ಹಾಗಲ್ಲ.

ಕಿಟ್ ಹಾಕಿದ ಮೇಲೆ ವೀಲ್ ಅಲೈನ್‌ಮೆಂಟ್ ಬೇಡ ಎಂಬ ಮಾತೂ ಸುಳ್ಳು. ಥಾರ್‌ನಲ್ಲಿ ಕ್ಯಾಂಬರ್, ಟೋ ಎರಡೂ ಬದಲಾಗುತ್ತವೆ. ಜಿಮ್ನಿಯಲ್ಲಿ ಆಕ್ಸಲ್ಲೇ ಹೊರಳಿ ಕ್ಯಾಸ್ಟರ್ ಕಡಿಮೆಯಾಗಿ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಕಾನೂನು ಕೇಳುವುದಿಲ್ಲ ಎಂಬುದೂ ಸುಳ್ಳು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ.

ಕಾನೂನಿನ ಮಾತು ಬಿಟ್ಟು, ಬರೀ ಕೆಲಸದ ಮಟ್ಟಿಗೆ ಮನೆಯಲ್ಲಿ ಹಾಕಲಾಗದೇ ಎಂದರೆ, ಆಗುತ್ತದೆ. ಎರಡು ತಪ್ಪು ಮಾತ್ರ ಯಾರೂ ಮಾಡಬೇಡಿ. ಶಾಕ್‌ನ ತಲೆಯ ಸುತ್ತ ಇರುವ ನಟ್ಟುಗಳನ್ನು ಬಿಚ್ಚಬೇಕು, ನಡುವಿನ ದೊಡ್ಡ ನಟ್ಟನ್ನು ಮುಟ್ಟಬಾರದು. ಅದುಮಿಟ್ಟ ಸ್ಪ್ರಿಂಗನ್ನು ಹಿಡಿದಿರುವುದೇ ಅದು. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಬಿಚ್ಚಿದರೆ ಎದೆಗೋ ಮುಖಕ್ಕೋ ಹಾರುತ್ತದೆ. ಎರಡನೆಯದು ಆರ್ಮಿನ ಬುಷ್ ಬೋಲ್ಟು. ಗಾಡಿ ಜಾಕ್ ಸ್ಟ್ಯಾಂಡಿನ ಮೇಲಿರುವಾಗಲೇ ಅದನ್ನು ಪೂರ್ತಿ ಬಿಗಿದರೆ ರಬ್ಬರು ಜೋತ ಸ್ಥಿತಿಯಲ್ಲೇ ಕಚ್ಚಿಕೊಂಡು, ನೆಲಕ್ಕಿಳಿಸಿದೊಡನೆ ತಿರುಚಿ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಚಕ್ರ ನೆಲ ಮುಟ್ಟಿ ಭಾರ ಬಿದ್ದ ಮೇಲೆ ಕೊನೆಯ ಬಿಗಿ.

ಇಷ್ಟೆಲ್ಲ ಹೇಳಿದರೂ ಬರುವ ಉತ್ತರ ಒಂದೇ: "ಎಲ್ಲರೂ ಹಾಕಿಸ್ತಿದಾರಲ್ಲ?" ಫೋನಿನಲ್ಲಿ ಹದಿನೈದು ಸೆಕೆಂಡಿನ ವಿಡಿಯೋ ನೋಡಿ ಸಾವಿರಾರು ರೂಪಾಯಿ ಕೊಡುವವರು, ಐವತ್ತು ರೂಪಾಯಿಯ ಟೇಪ್ ಹಿಡಿದು ಒಮ್ಮೆ ಗಾಡಿಯ ಕೆಳಗೆ ಮಲಗುವುದಿಲ್ಲ. ಮಾರುವವನ ಮಾತಿಗೆ ಇರುವ ಬೆಲೆ ತಮ್ಮ ಕಣ್ಣಿಗೆ ಇಲ್ಲ. ಗೊಬ್ಬರ ಕೊಳ್ಳುವಾಗಲೂ ಬೋರ್‌ವೆಲ್ ಪಾಯಿಂಟ್ ಹಾಕಿಸುವಾಗಲೂ ಊರಲ್ಲಿ ನಡೆಯುವುದು ಹೀಗೆಯೇ, ನೋಡಿ ಸಂಕಟವಾಗುತ್ತದೆ.

ಹುಡುಗ ಕಿಟ್ ಬಿಚ್ಚಲಿಲ್ಲ, ಹೆಡ್‌ಲೈಟ್ ಇಳಿಸಿ, ಹಾಸನಕ್ಕೆ ಹೋಗಿ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದ. ಮರುದಿನ ಬೆಳಿಗ್ಗೆ ಇಬ್ಬರೂ ಗುದ್ದಲಿ ಹಿಡಿದು ಆ ಏರಿನ ನಡುದಿಬ್ಬವನ್ನು ಒಂದು ಗೇಣು ಕೆತ್ತಿ, ಮಣ್ಣನ್ನು ಎರಡೂ ಗುಂಡಿಗೆ ಎಳೆದೆವು. ಮುಕ್ಕಾಲು ಗಂಟೆ ಹಿಡಿಯಿತು. ಮೊದಲು ಅವನ ಥಾರ್ ಹತ್ತಿತು, ಹಿಂದೆಯೇ ಚಿಕ್ಕಪ್ಪನದೂ ಹತ್ತಿತು.