ಉಗ್ರಾಣ ವ್ಯವಸ್ಥಾಪಕರ ಕರ್ತವ್ಯಗಳು ಹಾಗೂ ಠೇವಣಿದಾರರು ಗಮನಿಸಬೇಕಾದ ಅಂಶಗಳು

ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ಭಾಗದ ರೈತರು, ವರ್ತಕರು ಹಾಗೂ ಸಹಕಾರ ಸಂಘಗಳು ಕೃಷಿ ಉತ್ಪನ್ನಗಳನ್ನು ಉಗ್ರಾಣದಲ್ಲಿ ಠೇವಣಿ ಇಡುವ ಮುನ್ನ, ಉಗ್ರಾಣ ವ್ಯವಸ್ಥಾಪಕರ ಹೊಣೆ ಏನು, ಅವರಿಂದ ಏನನ್ನು ಕೇಳಿ ಪಡೆಯಬಹುದು ಎಂಬುದನ್ನು ಅರಿತಿರುವುದು ಅವಶ್ಯಕ. ಈ ಉದ್ದೇಶದಿಂದ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

ಹಿನ್ನೆಲೆ

ಈ ಭಾಗದಲ್ಲಿ ಹಿಂದೆ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ಕಾಪಿಡುವ ಪದ್ಧತಿಯಿತ್ತು. ಹಗೇವು ಧಾನ್ಯವನ್ನು ಉಳಿಸುತ್ತಿತ್ತೇ ಹೊರತು, ಅದರೊಳಗಿನ ಧಾನ್ಯದ ಆಧಾರದ ಮೇಲೆ ಬ್ಯಾಂಕು ಸಾಲ ನೀಡುವಂತಿರಲಿಲ್ಲ. ರಾಜ್ಯ ಉಗ್ರಾಣ ನಿಗಮವು 1957ರಲ್ಲಿ ಸ್ಥಾಪನೆಯಾಯಿತು. 2007ರ ಉಗ್ರಾಣ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮವು 2010ರಲ್ಲಿ ಜಾರಿಗೆ ಬಂದು, ನೋಂದಾಯಿತ ಉಗ್ರಾಣಗಳು ನೀಡುವ ವರ್ಗಾವಣೀಯ ರಸೀದಿಗೆ ಕಾನೂನಿನ ಬಲ ದೊರೆಯಿತು. 2017ರಿಂದ ಇಂತಹ ರಸೀದಿಗಳನ್ನು ವಿದ್ಯುನ್ಮಾನ ರೂಪದಲ್ಲಿ ನೀಡಲಾಗುತ್ತಿದೆ. ಧಾರಣೆ ಕುಸಿದಾಗ ಮಾರದೆ, ರಸೀದಿಯನ್ನು ಒತ್ತೆಯಿಟ್ಟು ಸಾಲ ಪಡೆದು ಕಾಯುವ ಅವಕಾಶ ಇದರಿಂದ ರೈತರಿಗೆ ಲಭ್ಯವಾಗಿದೆ. ಆದರೆ ಉಗ್ರಾಣದೊಳಗಿನ ಕಾಳು ಕೆಟ್ಟಲ್ಲಿ ರಸೀದಿಗೆ ಆಧಾರವಾದ ಸರಕೇ ಇಲ್ಲದಂತಾಗುತ್ತದೆ. ಆದ್ದರಿಂದ ವ್ಯವಸ್ಥಾಪಕರ ಕೌಶಲ್ಯವು ಠೇವಣಿದಾರರ ಹಣಕ್ಕೆ ನೇರವಾಗಿ ಸಂಬಂಧಿಸಿದ ವಿಷಯವಾಗಿದೆ.

ಸರಕು ಸ್ವೀಕರಿಸುವ ಹಂತ

ವ್ಯವಸ್ಥಾಪಕರ ಕೆಲಸದಲ್ಲಿ ಇದು ಅತಿ ಮುಖ್ಯವಾದ ಹಂತ. ಬಹುತೇಕ ತಕರಾರುಗಳು ಹುಟ್ಟುವುದು ಸರಕು ಮರಳಿ ಪಡೆಯುವ ದಿನವಾದರೂ, ಅವುಗಳ ಮೂಲ ಇಳಿಸಿದ ದಿನದಲ್ಲಿಯೇ ಇರುತ್ತದೆ.

ಹೆಸರು ಮತ್ತು ಉದ್ದಿನ ಕೊಯ್ಲು ಮಳೆಗಾಲದಲ್ಲಿಯೇ ಬರುತ್ತದೆ. ಸೋಯಾ ಅವರೆಯ ಕೊಯ್ಲಿಗೂ ಅನೇಕ ವರ್ಷ ಹಿಂಗಾರು ಮಳೆ ಅಡ್ಡಬರುವುದುಂಟು. ಈ ಬೆಳೆಗಳಿಗೂ ತೊಗರಿಗೂ ಬೆಂಬಲ ಬೆಲೆ ಖರೀದಿಯಲ್ಲಿ ಸಾಮಾನ್ಯವಾಗಿ ಅನ್ವಯಿಸುವ ತೇವಾಂಶದ ಗರಿಷ್ಠ ಮಿತಿ ಶೇ. 12. ಹಲ್ಲಿನಿಂದ ಕಚ್ಚಿ ನೋಡುವ ರೂಢಿ ಅನುಭವಿಗಳಲ್ಲಿ ಇದೆಯಾದರೂ, ದಾಖಲೆಗೆ ತೇವಾಂಶ ಮಾಪಕದ ಅಂಕಿಯೇ ಆಧಾರ. ಶೇ. 14 ತೇವಾಂಶವಿರುವ 100 ಕಿಲೋ ಕಾಳು ಶೇ. 12ಕ್ಕೆ ಒಣಗಿದಾಗ, ಒಂದು ಕಾಳೂ ಕಳುವಾಗದೆ, ಸುಮಾರು 97.7 ಕಿಲೋಗೆ ಇಳಿಯುತ್ತದೆ. ಒಳಬರುವಾಗಿನ ತೇವಾಂಶ ದಾಖಲಾಗದಿದ್ದಲ್ಲಿ ಈ ವ್ಯತ್ಯಾಸವು ಸಂಶಯಕ್ಕೆ ಎಡೆಮಾಡುತ್ತದೆ. ಠೇವಣಿದಾರರು ತೂಕ ಹಾಗೂ ಪರೀಕ್ಷೆಯ ವೇಳೆ ಖುದ್ದು ಹಾಜರಿರಲು ಕೋರಲಾಗಿದೆ. ಹಮಾಲರ ಅವಸರಕ್ಕೆ ಮಣಿದು ಪರೀಕ್ಷೆಯನ್ನು ಮುಂದೂಡುವುದು ತರವಲ್ಲ.

ಕಾಳು ಕೊರೆಯುವ ದುಂಬಿಯು ಹೊಲದಲ್ಲಿರುವಾಗಲೇ ಕಾಯಿಯ ಮೇಲೆ ಮೊಟ್ಟೆಯಿಡುತ್ತದೆ. ಹೊರಗೆ ಸ್ವಚ್ಛವಾಗಿ ಕಾಣುವ ತೊಗರಿ ಕೆಲವೇ ವಾರಗಳಲ್ಲಿ ತೂತುಬೀಳಲು ಇದೇ ಕಾರಣ. ನುರಿತ ವ್ಯವಸ್ಥಾಪಕರು ಕಾಳಿನ ಮೇಲಿನ ಬಿಳಿ ಚುಕ್ಕೆಗಳನ್ನು ಗುರುತಿಸಿ, ಅಂತಹ ಸರಕನ್ನು ಪ್ರತ್ಯೇಕವಾಗಿ ಇರಿಸುತ್ತಾರೆ.

ದಾಸ್ತಾನು ಮತ್ತು ಧೂಮೀಕರಣ

ಚೀಲಗಳನ್ನು ಬರಿಯ ನೆಲದ ಮೇಲೆ ಇಡದೆ ಮರದ ಚೌಕಟ್ಟಿನ ಮೇಲೆ, ಗೋಡೆಯಿಂದ ಎರಡು-ಮೂರು ಅಡಿ ಬಿಟ್ಟು ಥಪ್ಪಿ ಹಾಕತಕ್ಕದ್ದು. ಬಿತ್ತನೆಗೆಂದು ಇರಿಸುವ ಸೋಯಾ ಅವರೆಗೆ ವಿಶೇಷ ಎಚ್ಚರಿಕೆ ಬೇಕು. ಇದರ ಸಿಪ್ಪೆ ತೆಳುವಾಗಿದ್ದು, ಚೀಲವನ್ನು ಎತ್ತರದಿಂದ ಎಸೆದಲ್ಲಿ ಅಥವಾ ನಾಲ್ಕೈದಕ್ಕಿಂತ ಹೆಚ್ಚು ಚೀಲಗಳನ್ನು ಒಂದರ ಮೇಲೊಂದು ಹೇರಿದಲ್ಲಿ ಮೊಳಕೆ ಕುಂದುತ್ತದೆ. ಹಾನಿಯು ತಿಳಿಯುವುದು ಮುಂದಿನ ಮುಂಗಾರಿನಲ್ಲಿ, ಬಿತ್ತಿದ ನಂತರ. ಚೀಲದ ಮೇಲೆ ‘ಬಿತ್ತನೆಗೆ’ ಎಂದು ಬರೆಸಿ, ವ್ಯವಸ್ಥಾಪಕರಿಗೂ ತಿಳಿಸುವುದು.

ಹುಳುಬಾಧೆ ಕಂಡುಬಂದಾಗ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳಿಂದ ಧೂಮೀಕರಣ ಮಾಡಿ, ಥಪ್ಪಿಯನ್ನು ಸಾಮಾನ್ಯವಾಗಿ 7 ದಿನ ಮುಚ್ಚಿಡಲಾಗುತ್ತದೆ. ಈ ಅನಿಲವು ಪ್ರಾಣಾಂತಕವಾದ್ದರಿಂದ ತರಬೇತಿ ಪಡೆದವರೇ ಇದನ್ನು ನಿರ್ವಹಿಸತಕ್ಕದ್ದು. ಮನೆಯಲ್ಲಿ ಈ ಮಾತ್ರೆಗಳನ್ನು ಕಾಳಿನ ಚೀಲಗಳಲ್ಲಿ ಇಡುವುದು ಅತ್ಯಂತ ಅಪಾಯಕರ. ಸದರಿ ಅವಧಿಯಲ್ಲಿ ಸರಕನ್ನು ಬಿಡುಗಡೆ ಮಾಡಲಾಗುವುದಿಲ್ಲ. ಔರಾದ್ ಕಡೆಯ ಹಳ್ಳಿಗಳಿಂದ ಟ್ರ್ಯಾಕ್ಟರ್ ಬಾಡಿಗೆ ತೆತ್ತು ಬಂದವರು ಬರಿಗೈಯಲ್ಲಿ ಮರಳದಂತೆ, ಹೊರಡುವ ಮುನ್ನ ದೂರವಾಣಿ ಮೂಲಕ ವಿಚಾರಿಸುವುದು ಸೂಕ್ತ.

ರಸೀದಿ

ಮೊದಲು ಉಗ್ರಾಣದ ನೋಂದಣಿ ಸಂಖ್ಯೆ ಹಾಗೂ ಅದರ ಅವಧಿಯನ್ನು ನೋಡಿಕೊಳ್ಳತಕ್ಕದ್ದು. ರಸೀದಿಯಲ್ಲಿ ಠೇವಣಿದಾರರ ಹೆಸರು, ಸರಕಿನ ಪ್ರಮಾಣ, ದರ್ಜೆ, ಠೇವಣಿ ದಿನದ ಮಾರುಕಟ್ಟೆ ಮೌಲ್ಯ, ಬಾಡಿಗೆ ದರ ಮತ್ತು ವಿಮೆಯ ವಿವರಗಳು ಇರಬೇಕು. ದರ್ಜೆಯ ಕಾಲಂ ಖಾಲಿಯಿದ್ದಲ್ಲಿ ಅಲ್ಲಿಯೇ ಭರ್ತಿ ಮಾಡಿಸಿಕೊಳ್ಳುವುದು, ಏಕೆಂದರೆ ಒಂದೇ ದರ್ಜೆಯ ಕಾಳನ್ನು ಇತರರ ಕಾಳಿನೊಂದಿಗೆ ಬೆರೆಸಿ ಇರಿಸಿದ ಸಂದರ್ಭದಲ್ಲಿ, ತಮಗೆ ಮರಳಿ ಸಿಗುವುದು ತಮ್ಮದೇ ಚೀಲವಲ್ಲ, ಅದೇ ದರ್ಜೆಯ ಅಷ್ಟೇ ಪ್ರಮಾಣದ ಕಾಳು. ವಿಮೆಯು ಬೆಂಕಿ, ಕಳವು ಮುಂತಾದವುಗಳಿಗೆ ಸಂಬಂಧಿಸಿದ್ದು, ಹುಳುವಿನಿಂದಾದ ಹಾನಿ ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುವುದಿಲ್ಲ.

ಕಿಸಾನ್ ಕ್ರೆಡಿಟ್ ಕಾರ್ಡ್ ಹೊಂದಿರುವ ಸಣ್ಣ ಮತ್ತು ಅತಿಸಣ್ಣ ರೈತರು, ನೋಂದಾಯಿತ ಉಗ್ರಾಣದ ವರ್ಗಾವಣೀಯ ರಸೀದಿಯ ಮೇಲೆ ಕೊಯ್ಲಿನ ನಂತರ 6 ತಿಂಗಳವರೆಗೆ ರಿಯಾಯಿತಿ ಬಡ್ಡಿಯ ಸಾಲದ ಬಗ್ಗೆ ತಮ್ಮ ಬ್ಯಾಂಕಿನಲ್ಲಿ ವಿಚಾರಿಸಬಹುದು. ಸಾಲ ಬಾಕಿಯಿರುವಾಗ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಸರಕನ್ನು ಬಿಡುಗಡೆ ಮಾಡಲು ವ್ಯವಸ್ಥಾಪಕರಿಗೆ ಅಧಿಕಾರವಿರುವುದಿಲ್ಲ. ಬಾಡಿಗೆ ಬಾಕಿಯಿದ್ದಲ್ಲಿ ಸರಕನ್ನು ತಡೆಹಿಡಿಯುವ ಹಕ್ಕು ಮಾತ್ರ ಅವರಿಗೆ ಇದೆ. ತೂಕ ಅಥವಾ ಗುಣಮಟ್ಟದ ಬಗ್ಗೆ ಆಕ್ಷೇಪಣೆ ಇದ್ದವರು, ಸರಕನ್ನು ಉಗ್ರಾಣದಿಂದ ಹೊರಗೆ ಸಾಗಿಸುವ ಮುನ್ನ, ರಸೀದಿಯ ಸಂಖ್ಯೆ ನಮೂದಿಸಿ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು.